ಕ್ರೂಸ್ ಹಡಗಿನಿಂದ ಇಳಿದು ಸ್ಯಾಂಟೊರಿನಿ ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀಸ್ ಕಡೆ ಕ್ರೂಸ್ ಬುಕ್ ಮಾಡಿದ ನೆಂಟರು, ಗೆಳೆಯರು ಫೋನ್ ಮಾಡಿದರೆ ಮಾತು ಬೇಗನೆ ಸ್ಯಾಂಟೊರಿನಿ ದ್ವೀಪಕ್ಕೆ ಬಂದು ನಿಲ್ಲುತ್ತದೆ. ಬಿಳಿ ಮನೆ, ನೀಲಿ ಗುಮ್ಮಟದ ಫೋಟೊ ಎಲ್ಲರೂ ನೋಡಿರುತ್ತಾರೆ. ಹಡಗಿನಿಂದ ಆ ಗುಮ್ಮಟದ ತನಕ ಹೋಗುವುದು ಹೇಗೆ, ಹೊತ್ತಿಗೆ ಸರಿಯಾಗಿ ವಾಪಸ್ ಬರುವುದು ಹೇಗೆ ಅಂತ ಮಾತ್ರ ಯಾರೂ ಹೇಳಿರುವುದಿಲ್ಲ. ನಾನು ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ಎಲ್ಲ ನೋಡಿಬಿಡಬೇಕು ಅಂತ ಓಡಾಡಿ, ಯಾವುದನ್ನೂ ನೆಟ್ಟಗೆ ನೋಡಲಿಲ್ಲ. ಎರಡನೇ ಸಲ ಅಮ್ಮನ ಜೊತೆ ಹೋದೆ. ಎರಡೇ ಜಾಗ ನೋಡಿದೆವು, ಮನಸ್ಸು ತುಂಬಿತು. ಆ ಎರಡೂ ಪ್ರವಾಸದಲ್ಲಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಹಡಗು ದಡದ ತನಕ ಯಾಕೆ ಹೋಗುವುದಿಲ್ಲ?

ದೊಡ್ಡ ಹಡಗು ನಿಲ್ಲುವಂಥ ಕಟ್ಟೆ ಅಲ್ಲಿಲ್ಲ. ಸ್ಯಾಂಟೊರಿನಿ ಅಂದರೆ ಒಂದು ಜ್ವಾಲಾಮುಖಿಯ ಒಡೆದ ಬಾಯಿ. ಸುಮಾರು 3600 ವರ್ಷದ ಹಿಂದೆ ಭಾರಿ ಸ್ಫೋಟ ಆಗಿ ದ್ವೀಪದ ನಡುಭಾಗ ಕುಸಿದು ಸಮುದ್ರದೊಳಗೆ ಹೋಯಿತು. ಉಳಿದ ಅಂಚೇ ಈಗಿನ ದ್ವೀಪ, ಅರ್ಧಚಂದ್ರದ ಆಕಾರ. ನಡುವಿನ ಕಡಲಿಗೆ ಕಾಲ್ಡೆರಾ ಅನ್ನುತ್ತಾರೆ. ಅದರ ಆಳ ಕೆಲವು ಕಡೆ 300 ಮೀಟರ್‌ಗೂ ಜಾಸ್ತಿ. ಅಷ್ಟು ಆಳದಲ್ಲಿ ಲಂಗರು ನೆಲ ಮುಟ್ಟುವುದಿಲ್ಲ. ಹಾಗಾಗಿ ಹೆಚ್ಚಿನ ಹಡಗುಗಳು ಕಾಲ್ಡೆರಾದಲ್ಲೇ ತೇಲುತ್ತಾ ನಿಲ್ಲುತ್ತವೆ. ಊರಿನ ದೋಣಿಯವರು ಬಂದು ನಮ್ಮನ್ನು ದಡಕ್ಕೆ ಕರೆದುಕೊಂಡು ಹೋಗುತ್ತಾರೆ. ಈ ದೋಣಿಗೆ ಹಡಗಿನಲ್ಲಿ ಟೆಂಡರ್ ಅನ್ನುತ್ತಾರೆ.

ಬೆಳಿಗ್ಗೆ ಹಡಗು ಕಾಲ್ಡೆರಾದ ಒಳಗೆ ಬರುವ ಹೊತ್ತಿಗೆ ಎದ್ದು ಡೆಕ್ ಮೇಲೆ ನಿಂತಿರಿ. ಕಪ್ಪು, ಕೆಂಪು, ಬೂದಿ ಬಣ್ಣದ ಪದರ ಪದರ ಬಂಡೆ ಎದುರಿಗೆ ಎದ್ದು ನಿಂತಿರುತ್ತದೆ. ತುದಿಯಲ್ಲಿ ಉಪ್ಪು ಚೆಲ್ಲಿದ ಹಾಗೆ ಬಿಳಿ ಮನೆಗಳು. ಇಡೀ ದಿನದಲ್ಲಿ ನನಗೆ ಇದಕ್ಕಿಂತ ಚೆನ್ನಾದ ನೋಟ ಸಿಗಲಿಲ್ಲ.

ದೋಣಿ ನಮ್ಮನ್ನು ಎಲ್ಲಿ ಇಳಿಸುತ್ತದೆ?

ಸ್ವಂತವಾಗಿ ಸುತ್ತುವವರನ್ನು ಫಿರಾ ಊರಿನ ಬುಡದ ಹಳೇ ಬಂದರಿನಲ್ಲಿ ಇಳಿಸುತ್ತಾರೆ. ಹಡಗಿನವರದ್ದೇ ಟೂರ್ ತೆಗೆದುಕೊಂಡವರನ್ನು ಸಾಮಾನ್ಯವಾಗಿ ಅಥಿನಿಯೋಸ್ ಬಂದರಿಗೆ ಒಯ್ಯುತ್ತಾರೆ. ಅಲ್ಲಿಂದ ಬಸ್ಸು ತಿರುವು ರಸ್ತೆಯಲ್ಲಿ ಮೇಲೆ ಹತ್ತುತ್ತದೆ. ಟೂರಿನವರಿಗೆ ದೋಣಿಯೂ ಮೊದಲು ಸಿಗುತ್ತದೆ. ಉಳಿದವರು ನಂಬರ್ ಚೀಟಿ ಹಿಡಿದು ಕಾಯಬೇಕು.

ಒಂದು ವಿಷಯ ಗಮನಿಸಿ. ಟೂರ್ ಬಸ್ಸು ಬೆಳಿಗ್ಗೆ ಮೇಲೆ ಕರೆದುಕೊಂಡು ಹೋಗುತ್ತದೆ, ಆದರೆ ಬಹಳ ಸಲ ಕೊನೆಗೆ ಫಿರಾದಲ್ಲಿ ಬಿಟ್ಟುಬಿಡುತ್ತದೆ. ಕೆಳಗೆ ಇಳಿಯುವ ದಾರಿ ನೀವೇ ನೋಡಿಕೊಳ್ಳಬೇಕು. ಟಿಕೆಟ್ ತೆಗೆದುಕೊಳ್ಳುವ ಮುಂಚೆಯೇ ಇದನ್ನು ಕೇಳಿ.

ಹಳೇ ಬಂದರಿನಿಂದ ಮೇಲೆ ಹತ್ತುವುದು ಹೇಗೆ?

ಎಲ್ಲರ ತಲೆಬಿಸಿ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಫಿರಾ ಇರುವುದು ಬಂದರಿನಿಂದ 200 ಮೀಟರ್‌ಗೂ ಎತ್ತರದಲ್ಲಿ. ಹತ್ತುವುದಕ್ಕೆ ಮೂರು ದಾರಿ ಇವೆ: ಕೇಬಲ್ ಕಾರ್, ಮೆಟ್ಟಿಲು, ಹೇಸರಗತ್ತೆ.

ಮೊದಲು ಕೇಬಲ್ ಕಾರ್. ಒಂದು ಸಲಕ್ಕೆ ಆರು ಡಬ್ಬಿ ಒಟ್ಟಿಗೆ ಮೇಲೆ ಹೋಗುತ್ತವೆ. ಒಂದೊಂದರಲ್ಲಿ ಆರು ಜನ, ಅಂದರೆ 36 ಜನ. ಪ್ರಯಾಣ ಮೂರೇ ನಿಮಿಷ. ಈಗ ಲೆಕ್ಕ ಹಾಕಿ. ಒಂದು ಹಡಗಿನಿಂದ 3000 ಜನ ಇಳಿದರೆ ಅದು 80ಕ್ಕೂ ಹೆಚ್ಚು ಸಲ ಮೇಲೆ ಹೋಗಬೇಕು. ಅದೇ ದಿನ ಇನ್ನೊಂದು ಹಡಗೂ ಬಂದಿದ್ದರೆ ಸಾಲು ಎಷ್ಟುದ್ದ ಬೆಳೆಯುತ್ತದೆ ಅಂತ ಯೋಚಿಸಿ.

ಮೆಟ್ಟಿಲು 580ಕ್ಕೂ ಜಾಸ್ತಿ ಇವೆ. ಅಗಲವಾದ ಇಳಿಜಾರು ಮೆಟ್ಟಿಲು, ಸವೆದು ನುಣುಪಾದ ಕಲ್ಲು. ಹೇಸರಗತ್ತೆಗಳು ಓಡಾಡುವುದೂ ಇದೇ ದಾರಿಯಲ್ಲಿ, ಹಾಗಾಗಿ ಕಾಲಡಿ ಲದ್ದಿ ಇರುತ್ತದೆ, ಬಿಸಿಲಿಗೆ ವಾಸನೆಯೂ ಇರುತ್ತದೆ. ಗಟ್ಟಿಮುಟ್ಟಾದವರು ಇಳಿಯುವಾಗ ಬೇಕಾದರೆ ಮೆಟ್ಟಿಲು ಹಿಡಿಯಿರಿ. ಹಿಡಿತ ಇರುವ ಶೂ ಇರಲಿ, ಚಪ್ಪಲಿ ಬೇಡ.

ಹೇಸರಗತ್ತೆ ಸವಾರಿ ಬೇಡ ಅಂತಲೇ ನನ್ನ ಮಾತು. ಬಿಸಿಲಿನಲ್ಲಿ ದಿನವಿಡೀ ಜನರನ್ನು ಹೊತ್ತು ಹತ್ತಿ ಇಳಿಯುವ ಪ್ರಾಣಿಗಳವು. 100 ಕಿಲೊ ಅಥವಾ ಪ್ರಾಣಿಯ ತೂಕದ ಐದನೇ ಒಂದು ಪಾಲಿಗಿಂತ ಜಾಸ್ತಿ ಭಾರ ಹೇರಬಾರದು ಅಂತ ಗ್ರೀಸ್ 2018ರಲ್ಲಿ ನಿಯಮ ತಂದಿತು. ಆ ಮೆಟ್ಟಿಲ ಮೇಲೆ ಒಂದು ಹೇಸರಗತ್ತೆ ನಿಂತು ಉಸಿರು ಬಿಡುವುದನ್ನು ಅಮ್ಮ ನೋಡಿದರು. ಆಮೇಲೆ ಸುಮಾರು ಹೊತ್ತು ಮಾತಾಡಲಿಲ್ಲ.

ಆ ಸಾಲು ತಪ್ಪಿಸುವುದಕ್ಕೆ ಬೇರೆ ದಾರಿ ಇಲ್ವಾ?

ಇದೆ. ಹಳೇ ಬಂದರಿನಲ್ಲೇ ಸಣ್ಣ ದೋಣಿಯವರು ಟಿಕೆಟ್ ಮಾರುತ್ತಾ ನಿಂತಿರುತ್ತಾರೆ. ಅವರು ನಿಮ್ಮನ್ನು ದ್ವೀಪದ ಉತ್ತರ ತುದಿಗೆ, ಈಯಾ ಊರಿನ ಬುಡಕ್ಕೆ ಒಯ್ಯುತ್ತಾರೆ. ಅಲ್ಲಿಂದ ಬಸ್ಸಿನಲ್ಲಿ ಮೇಲೆ. ಈಯಾ ನೋಡಿಕೊಂಡು ಬಸ್ಸಿನಲ್ಲಿ ಫಿರಾಕ್ಕೆ ಬಂದು, ಕೇಬಲ್ ಕಾರಿನಲ್ಲಿ ಬಂದರಿಗೆ ಇಳಿಯಬಹುದು. ಹತ್ತುವ ಸಾಲು ಪೂರ್ತಿ ತಪ್ಪುತ್ತದೆ, ಬಂಡೆಗಳನ್ನು ನೀರಿನ ಮಟ್ಟದಿಂದ ನೋಡಿದ ಹಾಗೂ ಆಗುತ್ತದೆ. ಈಯಾ ನೋಡಲೇಬೇಕು ಅನ್ನುವವರಿಗೆ ಇದೇ ಒಳ್ಳೆಯ ದಾರಿ. ಅಂದ ಹಾಗೆ, ಇಂಗ್ಲಿಷಿನಲ್ಲಿ ಬರೆದಿರುವುದನ್ನು ನೋಡಿ ನಮ್ಮವರು ‘ಓಯಾ’ ಅನ್ನುತ್ತಾರೆ. ಅಲ್ಲಿನವರ ಬಾಯಲ್ಲಿ ಅದು ‘ಈಯಾ’.

ಇಳಿಯುವಾಗಲೂ ಅಷ್ಟೇ ಸಾಲು ಇರುತ್ತದಾ?

ಇನ್ನೂ ಜಾಸ್ತಿ. ಬೆಳಿಗ್ಗೆ ಜನ ಒಂದೊಂದು ಹೊತ್ತಿಗೆ ಬರುತ್ತಾರೆ, ಸಂಜೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ನಮ್ಮ ಕೊನೆಯ ದೋಣಿ ಐದೂವರೆಗಿತ್ತು. ನಾಲ್ಕು ಗಂಟೆಗೆ ಸಾಲಿಗೆ ಸೇರಿದರೆ ಸಾಕು ಅಂದುಕೊಂಡಿದ್ದೆ. ನಾವು ಬಂದಾಗ ಸಾಲಿನ ಬಾಲ ಅಂಗಡಿ ಬೀದಿಯನ್ನೂ ದಾಟಿ ತಿರುಗಿತ್ತು. ಅಮ್ಮನಿಗೆ ಮಂಡಿ ನೋವು. ಒಂದು ಕಾಲು ಎತ್ತಿ ಗೋಡೆಗೆ ಒರಗಿ ನಿಂತಿದ್ದರು. ಬಟ್ಟೆ ಅಂಗಡಿಯ ಹೆಂಗಸೊಬ್ಬರು ಒಳಗಿನಿಂದ ನೀಲಿ ಪ್ಲಾಸ್ಟಿಕ್ ಸ್ಟೂಲ್ ತಂದು ಹಾಕಿದರು. ಸಾಲು ಮುಂದೆ ಹೋದ ಹಾಗೆ ಅವರೇ ಸ್ಟೂಲನ್ನು ಎರಡು ಸಲ ಮುಂದಕ್ಕೆ ಇಟ್ಟುಕೊಟ್ಟರು. ಭಾಷೆ ಒಬ್ಬರದ್ದು ಒಬ್ಬರಿಗೆ ಬರುವುದಿಲ್ಲ. ಅಮ್ಮ ಎರಡೂ ಕೈ ಜೋಡಿಸಿದರು, ಅವರು ಎದೆ ಮೇಲೆ ಕೈ ಇಟ್ಟುಕೊಂಡರು. ನಾವು ಕೆಳಗೆ ಇಳಿದಾಗ ಐದು ಗಂಟೆ ಹತ್ತು ನಿಮಿಷ ಆಗಿತ್ತು.

ಹಾಗಾಗಿ ಕೊನೆಯ ದೋಣಿಗಿಂತ ಎರಡು ಗಂಟೆ ಮುಂಚೆ ಸಾಲಿನಲ್ಲಿರಿ. ಬೇಗ ಇಳಿದರೂ ನಷ್ಟ ಇಲ್ಲ. ಹಳೇ ಬಂದರಿನಲ್ಲಿ ಕೂತು ನೀರು ನೋಡುತ್ತಾ ಕಾಫಿ ಕುಡಿಯಬಹುದು.

ಕೈಗೆ ನಿಜವಾಗಿ ಎಷ್ಟು ಹೊತ್ತು ಸಿಗುತ್ತದೆ?

ಹಡಗಿನ ಹಾಳೆಯಲ್ಲಿ ಒಂಬತ್ತು ಗಂಟೆ ಅಂತ ಬರೆದಿದ್ದರೆ ಐದೂವರೆ, ಆರು ಅಂದುಕೊಳ್ಳಿ. ಉಳಿದದ್ದು ದೋಣಿ, ಸಾಲುಗಳಲ್ಲೇ ಹೋಗುತ್ತದೆ.

ಅಷ್ಟರಲ್ಲಿ ಏನೇನು ನೋಡಬಹುದು?

ಎರಡು ಜಾಗ ಆರಿಸಿಕೊಳ್ಳಿ. ಮೂರನೆಯದಕ್ಕೆ ಆಸೆ ಪಡಬೇಡಿ. ಈಯಾ, ಬೂದಿಯಡಿ ಹೂತುಹೋಗಿದ್ದ ಹಳೇ ಊರು ಅಕ್ರೊತಿರಿ, ಕಪ್ಪು ಮರಳಿನ ಬೀಚು, ಜ್ವಾಲಾಮುಖಿಯ ನಡುಗಡ್ಡೆ, ಇಷ್ಟನ್ನೂ ಒಂದೇ ದಿನಕ್ಕೆ ತುರುಕಿದರೆ ಬಸ್ಸಿನ ಕಿಟಕಿ ಮಾತ್ರ ನೆನಪಿರುತ್ತದೆ. ಬಸ್ಸುಗಳೆಲ್ಲ ಫಿರಾದಿಂದಲೇ ಹೊರಡುತ್ತವೆ. ಈಯಾದಿಂದ ಅಕ್ರೊತಿರಿಗೆ ಹೋಗಬೇಕು ಅಂದರೂ ಫಿರಾಕ್ಕೆ ಬಂದು ಬಸ್ಸು ಬದಲಾಯಿಸಬೇಕು.

ನನ್ನನ್ನು ಕೇಳಿದರೆ: ಮೊದಲ ಸಲ ಹೋಗುವ ಹುಡುಗ ಹುಡುಗಿಯರು ದೋಣಿಯಲ್ಲಿ ಈಯಾಕ್ಕೆ ಹೋಗಿ, ಮಧ್ಯಾಹ್ನ ಫಿರಾ ಸುತ್ತಲಿ. ಅಪ್ಪ ಅಮ್ಮನ ಜೊತೆ ಹೋಗುವವರು ಬೆಳಿಗ್ಗೆ ಅಕ್ರೊತಿರಿ, ಮಧ್ಯಾಹ್ನ ಫಿರಾ ಅಂತ ಇಟ್ಟುಕೊಳ್ಳಲಿ.

ಅಕ್ರೊತಿರಿಯಲ್ಲಿ ಏನಿದೆ? ಹಳೇ ಗೋಡೆಗಳು ಅಷ್ಟೇ ಅಲ್ವಾ?

ಅಲ್ಲ. ದಯವಿಟ್ಟು ಹಾಗೆ ಅಂದುಕೊಂಡು ಬಿಟ್ಟುಬಿಡಬೇಡಿ. ಆ ದೊಡ್ಡ ಸ್ಫೋಟದಲ್ಲಿ ಬೂದಿಯಡಿ ಹೂತುಹೋದ ಊರು ಅದು. 1967ರಲ್ಲಿ ಸ್ಪಿರಿದೋನ್ ಮರಿನಾತೋಸ್ ಎಂಬ ಗ್ರೀಕ್ ವಿದ್ವಾಂಸರು ಅಗೆತ ಶುರು ಮಾಡಿದರು. ಎರಡು, ಮೂರು ಅಂತಸ್ತಿನ ಮನೆಗಳು, ಕಲ್ಲು ಹಾಸಿದ ಬೀದಿ, ಬೀದಿಯ ಕೆಳಗೆ ಚರಂಡಿ, ಒಂದು ಮನೆಯ ಮಹಡಿಯಲ್ಲಿ ಕಕ್ಕಸು ಕೂಡ ಸಿಕ್ಕಿತು. ಸತ್ತವರ ಮೈ ಮಾತ್ರ ಸಿಗಲಿಲ್ಲ. ಮೊದಲು ಭೂಮಿ ನಡುಗಿದಾಗ ಜನ ಊರು ಬಿಟ್ಟು ಹೋಗಿರಬೇಕು ಅನ್ನುತ್ತಾರೆ. ಒಡವೆ, ಬೆಲೆಬಾಳುವ ಸಾಮಾನು ಅಲ್ಲಿ ಹೆಚ್ಚು ಸಿಗದಿರುವುದಕ್ಕೂ ಅದೇ ಕಾರಣ ಇರಬೇಕು. ಹೊರುವುದಕ್ಕೆ ಆಗದ್ದು ಮಾತ್ರ ಅಲ್ಲೇ ಉಳಿಯಿತು. ಒಂದು ಕೋಣೆಯ ಬಾಗಿಲ ಹತ್ತಿರ ಸಾಲಾಗಿ ದೊಡ್ಡ ಗುಡಾಣಗಳು ನಿಂತಿವೆ. “ಅಜ್ಜಿ ಮನೇಲಿ ಭತ್ತ ತುಂಬಿಡ್ತಿದ್ದದ್ದು ಇಂಥದ್ದರಲ್ಲೇ ಕಣೋ” ಅಂದರು ಅಮ್ಮ. ಕಂಬಿ ಹಿಡಿದು ಅಲ್ಲೇ ನಿಂತುಬಿಟ್ಟರು.

ಇಡೀ ಜಾಗಕ್ಕೆ ಚಾವಣಿ ಇದೆ, ನಡೆಯುವುದಕ್ಕೆ ಸಮನಾದ ಹಾದಿ ಇದೆ. ವಯಸ್ಸಾದವರಿಗೆ ಬಿಸಿಲಿನ ಕಾಟ ಇಲ್ಲ. ಫಿರಾದಿಂದ ಬಸ್ಸಿನಲ್ಲಿ ಸುಮಾರು ಅರ್ಧ ಗಂಟೆ.

ಅಲ್ಲಿನ ಗೋಡೆಚಿತ್ರಗಳಿಗೂ ಭಾರತಕ್ಕೂ ನಂಟಿದೆಯಂತೆ, ನಿಜನಾ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು. ಅಕ್ರೊತಿರಿಯ ಒಂದು ಮನೆಯ ಗೋಡೆ ಮೇಲೆ ಬಂಡೆ ಹತ್ತುವ ನೀಲಿ ಕೋತಿಗಳ ಚಿತ್ರ ಇತ್ತು. ಈಗ ಅದು ಫಿರಾದ ಪ್ರಾಗೈತಿಹಾಸಿಕ ಥೀರಾ ಮ್ಯೂಸಿಯಂನಲ್ಲಿದೆ (ಥೀರಾ ಅಂದರೆ ಸ್ಯಾಂಟೊರಿನಿಯದೇ ಇನ್ನೊಂದು ಹೆಸರು). ಗ್ರೀಸ್‌ನಲ್ಲಿ ಆಗ ಕೋತಿಗಳೇ ಇರಲಿಲ್ಲ. ಈಜಿಪ್ಟಿನ ಕಡೆಯ ಕೋತಿ ನೋಡಿ ಬರೆದಿರಬೇಕು ಅಂತ ಬಹಳ ಕಾಲ ಅಂದುಕೊಂಡಿದ್ದರು. 2019ರಲ್ಲಿ ಪುರಾತತ್ವದವರೂ ಕೋತಿಗಳ ತಜ್ಞರೂ ಸೇರಿ ಇನ್ನೊಮ್ಮೆ ನೋಡಿದರು. ಮೇಲಕ್ಕೆತ್ತಿ ಬಾಗಿಸಿದ ಉದ್ದ ಬಾಲ, ಮೈಯ ಅಳತೆ, ಮುಖ ನೋಡಿ, ಇವು ಭಾರತದ ಕಡೆಯ ಲಂಗೂರ್‌ಗಳು ಎಂಬ ವಾದ ಮುಂದಿಟ್ಟರು. ಅಂದರೆ ನಮ್ಮ ಮುಸುವ! ಆ ಕಾಲದ ಚಿತ್ರಗಾರರು ಬೂದು ಬಣ್ಣಕ್ಕೆ ನೀಲಿ ಹಚ್ಚುತ್ತಿದ್ದರು. ಸಿಂಧೂ ಬಯಲಿನಿಂದ ಮೆಸೊಪೊಟೇಮಿಯಾ ದಾಟಿ ವ್ಯಾಪಾರದ ದಾರಿಯಲ್ಲಿ ಆ ಪ್ರಾಣಿಯೋ, ಅದನ್ನು ನೋಡಿದ ಮನುಷ್ಯನೋ ಅಲ್ಲಿಗೆ ತಲುಪಿರಬಹುದು.

ಘಟ್ಟದ ರಸ್ತೆಯಲ್ಲಿ, ದೇವಸ್ಥಾನದ ಗೋಪುರದ ಮೇಲೆ ಮುಸುವ ನೋಡಿ ಬೆಳೆದವರು ಆ ಚಿತ್ರದ ಮುಂದೆ ಒಂದು ನಿಮಿಷ ನಿಂತು ನೋಡಿ. ಬಾಲದ ಆ ಬಾಗು ಗುರುತು ಸಿಕ್ಕೇ ಸಿಗುತ್ತದೆ. ಮ್ಯೂಸಿಯಂ ಚಿಕ್ಕದು, ಒಂದು ಗಂಟೆ ಸಾಕು. ವಾರಕ್ಕೊಂದು ದಿನ ರಜೆ ಇರುತ್ತದೆ, ದಿನ ನೋಡಿಕೊಂಡು ಹೋಗಿ.

ನೀಲಿ ಗುಮ್ಮಟದ ಫೋಟೊ ಎಲ್ಲಿ ಸಿಗುತ್ತದೆ?

ಈಯಾದಲ್ಲಿ. ಅವು ಚರ್ಚುಗಳ ಗುಮ್ಮಟ, ಸುತ್ತ ಇರುವುದು ಜನ ವಾಸ ಮಾಡುವ, ಇಲ್ಲವೇ ಅತಿಥಿಗಳು ತಂಗುವ ಮನೆಗಳು. ಕೆಳಗಿನವರ ಚಾವಣಿ ಮೇಲಿನವರ ಅಂಗಳದ ಹಾಗೆ ಕಾಣುತ್ತದೆ. ಅದಕ್ಕೇ ಜನ ಗೊತ್ತಿಲ್ಲದೆ ಚಾವಣಿ ಹತ್ತಿಬಿಡುತ್ತಾರೆ. ಗೇಟು, ಹಗ್ಗ, ಬೋರ್ಡು ಕಂಡರೆ ಅಲ್ಲಿಗೇ ನಿಲ್ಲಿ. ದ್ವೀಪದ ಜನಸಂಖ್ಯೆ ಸುಮಾರು 15 ಸಾವಿರ. ಬೇಸಿಗೆಯಲ್ಲಿ ಒಂದೇ ದಿನ ಅದರ ಅರ್ಧದಷ್ಟು ಜನ ಹಡಗುಗಳಿಂದಲೇ ಬಂದು ಇಳಿಯಬಹುದು. ನಮ್ಮ ಮನೆ ಜಗಲಿಗೆ ದಿನಾ ಅಷ್ಟು ಜನ ಬಂದು ನಿಂತರೆ ಹೇಗಿರುತ್ತದೆ?

ಜನ ಕಡಿಮೆ ಮಾಡುವುದಕ್ಕೆ ಏನೋ ನಿಯಮ ಬಂದಿದೆಯಂತಲ್ಲ?

ಹೌದು. 2025ರಿಂದ ಕ್ರೂಸ್ ಪ್ರಯಾಣಿಕರ ಮಿತಿ ದಿನಕ್ಕೆ 8000. ಅದೇ ವರ್ಷದ ಜುಲೈನಿಂದ ಇಳಿಯುವವರಿಗೆ ಶುಲ್ಕವೂ ಬಂದಿದೆ. ಸ್ಯಾಂಟೊರಿನಿಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ತಲೆಗೆ 20 ಯೂರೊ, ಏಪ್ರಿಲ್, ಮೇ, ಅಕ್ಟೋಬರ್‌ನಲ್ಲಿ 12, ಚಳಿಗಾಲದಲ್ಲಿ 4. ಸಾಮಾನ್ಯವಾಗಿ ಇದು ಹಡಗಿನ ಬಿಲ್ಲಿನಲ್ಲೇ ಸೇರಿರುತ್ತದೆ, ದಡದಲ್ಲಿ ಯಾರೂ ಕೈಚಾಚುವುದಿಲ್ಲ.

ಯಾವ ತಿಂಗಳು ಒಳ್ಳೆಯದು?

ಮೇ, ಇಲ್ಲವೇ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನ ತನಕ. ಜುಲೈ, ಆಗಸ್ಟ್‌ನಲ್ಲಿ ಬಿಸಿಲೂ ಜಾಸ್ತಿ, ಮೆಲ್ತೇಮಿ ಎಂಬ ಉತ್ತರದ ಗಾಳಿಯೂ ಜೋರು. ಗಾಳಿ ಹೆಚ್ಚಾದರೆ ದೋಣಿ ಇಳಿಸುವುದಕ್ಕೆ ಆಗದೆ ಕೆಲವು ಸಲ ಹಡಗು ಸ್ಯಾಂಟೊರಿನಿಯನ್ನೇ ಬಿಟ್ಟು ಮುಂದೆ ಹೋಗುತ್ತದೆ. ಮುಂಚೆಯೇ ಸ್ವಂತವಾಗಿ ಗಾಡಿ, ಗೈಡ್ ಬುಕ್ ಮಾಡುವವರು ದುಡ್ಡು ವಾಪಸ್ ಬರುತ್ತದಾ ಅಂತ ಕೇಳಿಕೊಳ್ಳಿ.

ಭೂಕಂಪದ ಭಯ ಇಲ್ವಾ?

ನಡುಗುವ ನೆಲವೇ ಅದು. 1956ರ ಜುಲೈನಲ್ಲಿ ದೊಡ್ಡ ಭೂಕಂಪ ಆಗಿ ಬಹಳ ಮನೆಗಳು ಬಿದ್ದವು, ಎಷ್ಟೋ ಜನ ದ್ವೀಪ ಬಿಟ್ಟು ಹೋದರು. 2025ರ ಜನವರಿ ಕೊನೆಯಿಂದ ಫೆಬ್ರವರಿ ತನಕ ಸಾವಿರಾರು ಸಣ್ಣ ನಡುಕಗಳಾಗಿ, ಶಾಲೆ ಮುಚ್ಚಿ, ಜನ ದೋಣಿ, ವಿಮಾನ ಹಿಡಿದು ಹೊರಟರು. ಆಮೇಲೆ ಅದು ತಣ್ಣಗಾಯಿತು. ಕಾಲ್ಡೆರಾ ನಡುವಿನ ನೆಯಾ ಕಮೇನಿ ನಡುಗಡ್ಡೆಯಲ್ಲಿ ಕೊನೆಯ ಸ್ಫೋಟ ಆದದ್ದು 1950ರಲ್ಲಿ. ತಜ್ಞರು ದಿನವೂ ಗಮನ ಇಟ್ಟಿರುತ್ತಾರೆ, ಅಪಾಯ ಇದ್ದರೆ ಹಡಗನ್ನೇ ಬಿಡುವುದಿಲ್ಲ. ನೆಲ ನಡುಗಿದರೆ ಬಂಡೆಯ ಅಂಚಿನಿಂದ, ಕಡಿದಾದ ದಾರಿಯಿಂದ ದೂರ ಬನ್ನಿ. ತುರ್ತಿಗೆ ನಂಬರ್ 112.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಚೆನ್ನಾಗಿ ಸಿಗುತ್ತದೆ. ಸ್ಯಾಂಟೊರಿನಿಯ ಹೆಸರಾದ ಅಡುಗೆಗಳಲ್ಲೇ ಸಸ್ಯಾಹಾರ ಬೇಕಾದಷ್ಟಿದೆ. ಮೊದಲು ಕೇಳಬೇಕಾದದ್ದು ಫಾವಾ. ಹಳದಿ ಬೇಳೆಯನ್ನು ನುಣ್ಣಗೆ ಬೇಯಿಸಿ, ಆಲಿವ್ ಎಣ್ಣೆ ಹುಯ್ದು, ಮೇಲೆ ಹಸಿ ಈರುಳ್ಳಿ ಹಾಕಿ ಕೊಡುತ್ತಾರೆ. ಗಟ್ಟಿ ತೊವ್ವೆಯೇ ಅನ್ನಿ, ಒಗ್ಗರಣೆ ಇಲ್ಲ ಅಷ್ಟೇ. ನಿಂಬೆಹಣ್ಣು ಕೇಳಿ ಹಿಂಡಿಕೊಳ್ಳಿ. ಆಮೇಲೆ ದೊಮಾತೊಕೆಫ್ತೇದೆಸ್, ಅಂದರೆ ಅಲ್ಲಿನ ಪುಟ್ಟ ಟೊಮೆಟೊಗೆ ಹಿಟ್ಟು, ಸೊಪ್ಪು, ಈರುಳ್ಳಿ ಕಲಸಿ ಕರಿದದ್ದು. ಹೊರಗೆ ಗರಿಗರಿ, ಒಳಗೆ ಹುಳಿ ಹುಳಿ ಮೆತ್ತಗೆ. ಅಮ್ಮ ಬೋಂಡಾ ಅಂತಲೇ ಕರೆದರು, ಎರಡನೇ ತಟ್ಟೆ ತರಿಸಿದರು.

ಒಂದು ಪದ ನೆನಪಿಟ್ಟುಕೊಳ್ಳಿ: ನಿಸ್ತೀಸಿಮೊ. ಅಲ್ಲಿನ ಕ್ರೈಸ್ತರು ಉಪವಾಸದ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಬಿಡುತ್ತಾರೆ, ಆ ಅಡುಗೆಗೆ ಈ ಹೆಸರು. ಹಾಗಂದರೆ ಹೋಟೆಲಿನವರಿಗೆ ತಕ್ಷಣ ಅರ್ಥ ಆಗುತ್ತದೆ. ಆದರೆ ಸಿಗಡಿ, ಆಕ್ಟೊಪಸ್ ಅವರ ಉಪವಾಸಕ್ಕೆ ಆಗುತ್ತವೆ. ಅವೂ ಬೇಡ ಅಂತ ಬೇರೆಯಾಗಿ ಹೇಳಬೇಕು. ದ್ರಾಕ್ಷಿ ಎಲೆಯಲ್ಲಿ ಅನ್ನ ಸುತ್ತಿದ ದೊಲ್ಮಾದೆಸ್ ತೆಗೆದುಕೊಳ್ಳುವಾಗ ಒಳಗೆ ಕೈಮಾ ಇದೆಯಾ ಅಂತ ಕೇಳಿ, ಎರಡು ಥರವೂ ಮಾಡುತ್ತಾರೆ. ಬಂಡೆ ಅಂಚಿನ ಹೋಟೆಲಿನಲ್ಲಿ ನೋಟಕ್ಕೂ ದುಡ್ಡು ಸೇರಿರುತ್ತದೆ. ಎರಡು ಬೀದಿ ಒಳಗೆ ಹೋದರೆ ಬೆಲೆ ಇಳಿಯುತ್ತದೆ.

ಬಸ್ಸಿನಿಂದ ನೆಲದ ಮೇಲೆ ಹಸಿರು ಗೂಡುಗಳ ಥರ ಕಾಣುತ್ತವಲ್ಲ, ಅವೇನು?

ದ್ರಾಕ್ಷಿ ಬಳ್ಳಿಗಳು! ಗಾಳಿ ಜೋರು ಅಂತ ಚಪ್ಪರ ಹಾಕುವುದಿಲ್ಲ. ಬಳ್ಳಿಯನ್ನು ಸುತ್ತಿ ಸುತ್ತಿ ನೆಲದ ಮೇಲೆ ಬುಟ್ಟಿ ಮಾಡುತ್ತಾರೆ, ಗೊಂಚಲು ಒಳಗೆ ಬಿಡುತ್ತದೆ. ತಲೆ ಮೇಲೆ ಕೊಡ ಇಡುವುದಕ್ಕೆ ಸುತ್ತುವ ಸಿಂಬಿ ನೋಡಿದ್ದೀರಲ್ಲ, ಅದೇ ಆಕಾರ. ಇದಕ್ಕೆ ಕುಲೂರಾ ಅನ್ನುತ್ತಾರೆ. ಬಳೆಯಾಕಾರದ ರೊಟ್ಟಿಗೂ ಅದೇ ಹೆಸರು, ನಾವು ಕೋಡುಬಳೆ ಅಂದ ಹಾಗೆ. ಬೇಸಿಗೆಯಲ್ಲಿ ಅಲ್ಲಿ ಮಳೆ ಬೀಳುವುದು ಅಪರೂಪ. ರಾತ್ರಿ ಕಡಲಿಂದ ಏಳುವ ಮಂಜು, ಇಬ್ಬನಿಯನ್ನು ಬೂದಿ ಮಣ್ಣು ಹೀರಿಕೊಂಡು ಬೇರಿಗೆ ಕೊಡುತ್ತದೆ. ಅಸ್ಸಿರ್ತಿಕೊ ಅಂತ ಅಲ್ಲಿನ ಬಿಳಿ ದ್ರಾಕ್ಷಿ. ವೈನ್ ಕುಡಿಯದವರೂ ಒಮ್ಮೆ ತೋಟದ ಅಂಚಿನಲ್ಲಿ ಬಗ್ಗಿ ಆ ಬುಟ್ಟಿಯ ಒಳಗೆ ನೋಡಿ.

ವೀಸಾ ಯಾವುದು ಬೇಕು?

ಭಾರತದ ಪಾಸ್‌ಪೋರ್ಟ್ ಇದ್ದರೆ ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ. ಒಂದೇ ದಿನ ಇಳಿಯುತ್ತೇವೆ ಅಂತ ವಿನಾಯಿತಿ ಇಲ್ಲ. ಹಡಗು ನಡುವೆ ಟರ್ಕಿಗೆ ಹೋಗಿ ಮತ್ತೆ ಗ್ರೀಸ್‌ಗೆ ಬರುವುದಾದರೆ ಮಲ್ಟಿಪಲ್ ಎಂಟ್ರಿ ವೀಸಾ ಬೇಕು, ಟರ್ಕಿಯ ನಿಯಮವನ್ನೂ ಬೇರೆಯಾಗಿ ನೋಡಿಕೊಳ್ಳಬೇಕು. ಬಹಳ ಜನ ಎಡವುವುದು ಇಲ್ಲೇ. ಅರ್ಜಿ ಜೊತೆ ಹಡಗಿನ ಪೂರ್ತಿ ದಾರಿಪಟ್ಟಿ ಇಡಿ.

ಫೋನ್, ದುಡ್ಡು, ಶೌಚಾಲಯ?

ಹಡಗಿನಲ್ಲಿ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಸಮುದ್ರದ ನೆಟ್‌ವರ್ಕ್ ತಾನಾಗಿ ಹಿಡಿದುಕೊಂಡರೆ ಬಿಲ್ಲು ವಿಪರೀತ ಬರುತ್ತದೆ. ದಡದಲ್ಲಿ ಕಾರ್ಡ್ ನಡೆಯುತ್ತದೆ, ಬಸ್ಸಿಗೆ ಅಂತ ಚಿಲ್ಲರೆ ಯೂರೊ ಇಟ್ಟುಕೊಳ್ಳಿ. ಶೌಚಾಲಯದಲ್ಲಿ ಕಾಗದವನ್ನು ಗುಂಡಿಗೆ ಹಾಕಬಾರದು, ಪಕ್ಕದ ಬುಟ್ಟಿಗೆ ಹಾಕಬೇಕು. ನಲ್ಲಿ ನೀರು ಬೇಡ, ಬಾಟಲಿ ನೀರೇ ಕುಡಿಯಿರಿ. ಊರಿಗೆ ಫೋನ್ ಮಾಡುವವರಿಗೆ: ಬೇಸಿಗೆಯಲ್ಲಿ ಗ್ರೀಸ್ ನಮಗಿಂತ ಎರಡೂವರೆ ಗಂಟೆ ಹಿಂದೆ.

ಸೂರ್ಯ ಮುಳುಗುವುದನ್ನು ಈಯಾದಲ್ಲಿ ನೋಡಬಹುದಾ?

ಹಡಗು ರಾತ್ರಿ ತನಕ ನಿಂತರೆ ಮಾತ್ರ. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವುದು ಎಂಟೂವರೆ ದಾಟಿದ ಮೇಲೆ. ಹೆಚ್ಚಿನ ಹಡಗು ಅಷ್ಟರಲ್ಲಿ ಹೊರಟಿರುತ್ತವೆ. ಅಕ್ಟೋಬರ್‌ನಲ್ಲಿ ಹೊತ್ತು ಬೇಗ ಇಳಿಯುವುದರಿಂದ ಡೆಕ್ ಮೇಲಿಂದಲೇ ಸಿಗಬಹುದು. ಈಯಾದ ಓಣಿಗಳಲ್ಲಿ ನೂಕುನುಗ್ಗಲಿನಲ್ಲಿ ನಿಲ್ಲುವುದಕ್ಕಿಂತ ಡೆಕ್ಕೇ ಲೇಸು ಅನ್ನಿಸಿತು ನನಗೆ.

ಕೊನೆಯ ದೋಣಿ ತಪ್ಪಿದರೆ?

ಹಡಗು ಕಾಯುವುದಿಲ್ಲ. ಹಡಗಿನವರ ಟೂರಿನಲ್ಲಿದ್ದು ತಡವಾದರೆ ಸಾಮಾನ್ಯವಾಗಿ ಕಾಯುತ್ತಾರೆ, ಸ್ವಂತವಾಗಿ ಹೋದವರಿಗೆ ಆ ಭರವಸೆ ಇಲ್ಲ. ದಿನಾ ಬೆಳಿಗ್ಗೆ ಕೊಡುವ ಹಾಳೆಯಲ್ಲಿ ಬಂದರಿನ ಏಜೆಂಟರ ನಂಬರ್ ಇರುತ್ತದೆ. ಇಳಿಯುವ ಮುಂಚೆ ಅದರ ಫೋಟೊ ತೆಗೆದುಕೊಳ್ಳಿ. ಪಾಸ್‌ಪೋರ್ಟ್, ವೀಸಾ ಹಾಳೆಯ ನಕಲು, ಒಂದು ದಿನದ ಮಾತ್ರೆ, ಒಂದು ಕಾರ್ಡ್ ಚೀಲದಲ್ಲಿರಲಿ. ತಪ್ಪಿಯೇ ಹೋದರೆ ಮೊದಲು ಏಜೆಂಟರಿಗೆ ಫೋನ್ ಮಾಡಿ. ಹಡಗಿನ ಮುಂದಿನ ಬಂದರಿಗೆ ಫೆರಿ ಇದೆಯಾ ಕೇಳಿ. ಫೆರಿಗಳು ಹೊರಡುವುದು ಅಥಿನಿಯೋಸ್‌ನಿಂದ, ಹಳೇ ಬಂದರಿನಿಂದಲ್ಲ. ಅಥೆನ್ಸ್‌ಗೆ ವಿಮಾನವೂ ಇದೆ, ಒಂದು ಗಂಟೆಯೊಳಗಿನ ದಾರಿ.